ಇಂಗ್ಲೆಂಡಿನ ಹಳ್ಳಿಯ ಹಳೇ ಚರ್ಚನ್ನು ನೀವೇ ಓದುವುದು ಹೇಗೆ: ಗೋಡೆಯಿಂದ ದಾಖಲೆಯವರೆಗೆ

ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಸಾಮಾನ್ಯವಾಗಿ ಬಾಗಿಲ ಪಕ್ಕದ ಮೇಜಿನ ಮೇಲೆ ಮಡಚಿದ ಒಂದು ಹಾಳೆ ಇರುತ್ತದೆ. ‘ಈ ಚರ್ಚ್ 12ನೇ ಶತಮಾನದ್ದು’ ಎಂದು ಶುರುವಾಗುತ್ತದೆ. ಅದನ್ನು ಓದಿ, ತಲೆಯೆತ್ತಿ ಒಂದು ಸುತ್ತು ನೋಡಿ, ಎರಡು ಫೋಟೊ ತೆಗೆದು ಹೊರಗೆ ಬರುತ್ತೇವೆ. ನಾನೂ ಬಹಳ ದಿನ ಹೀಗೇ ಮಾಡಿದವನು. ಆ ಹಾಳೆಯಲ್ಲಿ ಸುಳ್ಳಿರುತ್ತದೆ ಅಂತಲ್ಲ. ಆದರೆ ಹಳೇ ಚರ್ಚೊಂದು ಇಂಥದೇ ಶತಮಾನದ್ದು ಅನ್ನುವ ಮಾತಿಗೇ ಜಾಸ್ತಿ ಅರ್ಥವಿಲ್ಲ. ಬಾಗಿಲು ಒಂದು ಕಾಲದ್ದು, ಕಿಟಕಿ ಇನ್ನೊಂದು ಕಾಲದ್ದು, ಗೋಪುರ ಕಟ್ಟಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಚಾವಣಿ ಹಾಕಿರುತ್ತಾರೆ, ಕೊನೆಗೆ 1860ರ ಸುಮಾರಿಗೆ ಯಾರೋ ಬಂದು ಎಲ್ಲವನ್ನೂ ಉಜ್ಜಿ ತೊಳೆದು ಹೊಸದು ಮಾಡಿರುತ್ತಾರೆ.

ಹಾಗಾಗಿ ನಾನು ಇಲ್ಲಿ ಹೇಳಿಕೊಡುವುದು ಒಂದೇ ಚಾಳಿ. ಚಂದ ಕಂಡದ್ದನ್ನು ಆಮೇಲೆ ನೋಡಿ, ಮೊದಲು ಹೊಂದಿಕೆಯಾಗದ್ದನ್ನು ಹುಡುಕಿ. ಒಂದು ಕಡೆ ದಪ್ಪ ಕಂಬ, ಇನ್ನೊಂದು ಕಡೆ ಸಣ್ಣ ಕಂಬ. ಗೋಡೆಯ ನಡುವೆ ಕಾರಣವಿಲ್ಲದೆ ನಿಂತ ಮೂಲೆಗಲ್ಲು. ಎಲ್ಲಿಗೂ ಹೋಗದ ಮೆಟ್ಟಿಲು. ಚರ್ಚಿನ ಕಥೆ ಇಂಥ ಕಡೆಯೇ ಇರುತ್ತದೆ.

ಜೊತೆಗೆ ಬೇಕಾದದ್ದು: ಒಂದು ಬೈನಾಕ್ಯುಲರ್, ಟಾರ್ಚ್, ಅಳತೆ ಟೇಪು, ಪೆನ್ಸಿಲ್, ಗೆರೆಯಿಲ್ಲದ ಹಾಳೆ. ಬೈನಾಕ್ಯುಲರ್ ಯಾಕೆ ಅಂದರೆ, ನೋಡಬೇಕಾದ್ದರಲ್ಲಿ ಅರ್ಧ ತಲೆಯ ಮೇಲೆ 10 ಮೀಟರ್ ಎತ್ತರದಲ್ಲಿ ಇರುತ್ತದೆ.

ಹಂತ 1: ಮನೆಯಲ್ಲೇ ಕೂತು ನಕ್ಷೆ ನೋಡಿ

ಚರ್ಚಿನ ಇತಿಹಾಸ ಓದಿಕೊಂಡು ಹೋಗಬೇಡಿ. ಓದಿದ್ದೇ ಕಣ್ಣಿಗೆ ಕಾಣತೊಡಗುತ್ತದೆ. ನಕ್ಷೆ ಮಾತ್ರ ನೋಡಿ. ಚರ್ಚ್ ಊರ ನಡುವೆ ಇದೆಯೋ, ಹೊಲದ ನಡುವೆ ಒಂಟಿಯಾಗಿ ನಿಂತಿದೆಯೋ? ಪಕ್ಕದಲ್ಲೇ ಜಮೀನ್ದಾರನ ದೊಡ್ಡ ಮನೆ ಇದೆಯೋ? ಇಂಗ್ಲೆಂಡಿನ ಎಷ್ಟೋ ಹಳ್ಳಿ ಚರ್ಚುಗಳನ್ನು ಮೊದಲು ಕಟ್ಟಿಸಿದ್ದು ಆ ಊರಿನ ಒಡೆಯನೇ, ತನ್ನ ಮನೆಯ ಪಕ್ಕದಲ್ಲಿ, ತನ್ನ ಖರ್ಚಿನಲ್ಲಿ. ಊರಿನವರ ಅನುಕೂಲ ಎರಡನೆಯ ಮಾತು.

ಒಂಟಿ ಚರ್ಚ್ ಕಂಡರೆ ‘ಪ್ಲೇಗ್ ಬಂದು ಊರು ಖಾಲಿಯಾಯಿತು’ ಅನ್ನುವ ಕಥೆ ಎಲ್ಲಾ ಕಡೆ ಸಿಗುತ್ತದೆ. 1348ರಲ್ಲಿ ಬಂದ ಮಹಾಮಾರಿ ಭಯಂಕರವಾಗಿತ್ತು, ನಿಜ. ಆದರೆ ಊರು ಜಾಗ ಬಿಡಲು ಬೇರೆ ಕಾರಣಗಳೇ ಹೆಚ್ಚು: ಜನ ಮೆಲ್ಲಗೆ ರಸ್ತೆ ಬದಿಗೆ ಸರಿದರು, ಅಥವಾ ಕುರಿ ಮೇಯಿಸಲು ಒಡೆಯ ರೈತರನ್ನು ಎಬ್ಬಿಸಿದ. ಕಥೆಯನ್ನು ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ನಂಬುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ.

ಆ ಸೀಮೆಯ ಕಲ್ಲು ಯಾವುದು ಅಂತಲೂ ತಿಳಿದುಕೊಳ್ಳಿ. ಕಾಟ್ಸ್‌ವೋಲ್ಡ್ಸ್‌ನಲ್ಲಿ ಜೇನು ಬಣ್ಣದ ಸುಣ್ಣಗಲ್ಲು, ಹೆರೆಫರ್ಡ್‌ಶೈರಿನಲ್ಲಿ ಕೆಂಪು ಮರಳುಗಲ್ಲು, ನಾರ್ಥಾಂಪ್ಟನ್‌ಶೈರಿನಲ್ಲಿ ತುಕ್ಕು ಹಿಡಿದ ಹಾಗೆ ಕಾಣುವ ಕಬ್ಬಿಣದ ಅಂಶದ ಕಲ್ಲು, ನಾರ್ಫೋಕ್ ಮತ್ತು ಸಫೋಕ್‌ನಲ್ಲಿ ಚಕಮಕಿ ಕಲ್ಲು ಬಿಟ್ಟರೆ ಬೇರೆ ಹೆಚ್ಚೇನೂ ಇಲ್ಲ. ಕಲ್ಲು ಸಾಗಿಸುವುದು ಕಲ್ಲಿಗಿಂತ ದುಬಾರಿ. ಹಾಗಾಗಿ ಊರಿನದ್ದಲ್ಲದ ಕಲ್ಲು ಕಂಡರೆ ಅಲ್ಲಿ ಯಾರದೋ ದುಡ್ಡು ಬಿದ್ದಿದೆ ಅಂತ ಅರ್ಥ. ಚಕಮಕಿ ಸೀಮೆಯಲ್ಲಿ ದುಂಡು ಗೋಪುರದ ಚರ್ಚುಗಳು ನೂರಕ್ಕೂ ಹೆಚ್ಚಿವೆ, ಬಹುಪಾಲು ನಾರ್ಫೋಕ್‌ನಲ್ಲಿ. ಚಕಮಕಿಯಲ್ಲಿ ಮೂಲೆ ಕಟ್ಟಲು ಆಗುವುದಿಲ್ಲ, ಅದಕ್ಕೆ ದುಂಡಗೆ ಕಟ್ಟಿದರು ಅನ್ನುವುದು ಹಳೆಯ ವಿವರಣೆ. ಅದೇ ಸೀಮೆಯಲ್ಲಿ ಅದೇ ಕಲ್ಲಿನ ಚೌಕ ಗೋಪುರಗಳೂ ಇವೆಯಲ್ಲ! ನನಗಂತೂ ಅರ್ಧ ಕಲ್ಲಿನ ಕಾರಣ, ಅರ್ಧ ನೆರೆಯೂರಿನವರನ್ನು ನೋಡಿ ಮಾಡಿದ್ದು ಅನ್ನಿಸುತ್ತದೆ.

ಹಂತ 2: ಒಳಗೆ ಹೋಗಬೇಡಿ, ಮೊದಲು ಸುತ್ತು ಹಾಕಿ

ಇದು ಕಷ್ಟ. ಬಾಗಿಲು ಕರೆಯುತ್ತಿರುತ್ತದೆ. ಆದರೂ ಹೊರಗೆ ಒಂದು ಪೂರ್ತಿ ಸುತ್ತು ಬನ್ನಿ.

ದಿಕ್ಕು ತಪ್ಪುವ ಭಯವಿಲ್ಲ. ಹಳೇ ಚರ್ಚುಗಳು ಸಾಧಾರಣವಾಗಿ ಪೂರ್ವ-ಪಶ್ಚಿಮವಾಗಿ ಮಲಗಿರುತ್ತವೆ. ಬಲಿಪೀಠ ಪೂರ್ವಕ್ಕೆ, ಗೋಪುರ ಹೆಚ್ಚಾಗಿ ಪಶ್ಚಿಮಕ್ಕೆ, ಜನ ಓಡಾಡುವ ಬಾಗಿಲು ಹೆಚ್ಚಾಗಿ ದಕ್ಷಿಣಕ್ಕೆ. ಪೂರ್ವದ ಚಿಕ್ಕ ಭಾಗ ಚಾನ್ಸಲ್, ಅದು ಪಾದ್ರಿಯ ಜಾಗ. ಪಶ್ಚಿಮದ ದೊಡ್ಡ ಭಾಗ ನೇವ್, ಅದು ಜನರ ಜಾಗ. ಇವೆರಡರ ರಿಪೇರಿಯ ಹೊಣೆಯೂ ಮಧ್ಯಯುಗದಿಂದಲೇ ಬೇರೆ ಬೇರೆ. ಚಾನ್ಸಲ್ ರೆಕ್ಟರನ ತಲೆಗೆ (ಊರಿನ ಬೆಳೆಯಲ್ಲಿ ಚರ್ಚಿನ ಪಾಲು ಪಡೆಯುವ ಪಾದ್ರಿ ಅಥವಾ ಮಠ), ನೇವ್ ಊರಿನವರ ತಲೆಗೆ. ನೇವ್ ಭರ್ಜರಿಯಾಗಿದ್ದು ಚಾನ್ಸಲ್ ಬಡಕಲಾಗಿದ್ದರೆ ಊರಿನವರ ಹತ್ತಿರ ಕಾಸಿತ್ತು, ರೆಕ್ಟರ್ ಜಿಪುಣನಾಗಿದ್ದ ಅಥವಾ ಎಲ್ಲೋ ದೂರದ ಮಠದವನಾಗಿದ್ದ ಅಂತ ಊಹಿಸಬಹುದು. ಇದು ಸತ್ತುಹೋದ ಕಾನೂನು ಅಂದುಕೊಳ್ಳಬೇಡಿ. ವಾರ್ವಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋದಲ್ಲಿ, ಹಿಂದೆ ರೆಕ್ಟರನಿಗೆ ಸೇರಿದ್ದ ಹೊಲದ ಮಾಲೀಕರು ಚಾನ್ಸಲ್ ರಿಪೇರಿಯ ಖರ್ಚು ಕೊಡಲೇಬೇಕು ಎಂದು 2003ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಬಿಲ್ಲು ಸುಮಾರು 1,86,000 ಪೌಂಡಿಗೆ ಬಂತು.

ಸುತ್ತು ಹಾಕುವಾಗ ನೆಲ ನೋಡಿ. ಚರ್ಚಿನಂಗಳ ಹೊರಗಿನ ರಸ್ತೆಗಿಂತ ಎತ್ತರವಾಗಿ, ಗೋಡೆಯ ಬುಡ ಮಣ್ಣಿನಲ್ಲಿ ಹೂತಹಾಗೆ ಇದ್ದರೆ, ನೂರಾರು ವರ್ಷ ಅಷ್ಟೇ ಜಾಗದಲ್ಲಿ ಮತ್ತೆ ಮತ್ತೆ ಹೂಳಿದ್ದಾರೆ ಅಂತ ಅರ್ಥ. ಗೋರಿಕಲ್ಲುಗಳನ್ನು ನೋಡಿ ಚರ್ಚಿನ ವಯಸ್ಸು ಲೆಕ್ಕ ಹಾಕಬೇಡಿ. ಅಂಗಳದ ಕಲ್ಲುಗಳು ಬಹುಮಟ್ಟಿಗೆ 17ನೇ ಶತಮಾನದಿಂದ ಈಚಿನವು, ಅದಕ್ಕೂ ಮುಂಚೆ ಸಾಮಾನ್ಯ ಜನಕ್ಕೆ ಕಲ್ಲು ಎಲ್ಲಿತ್ತು? ಅಂಗಳದಲ್ಲಿ ಸಾಮಾನ್ಯವಾಗಿ ಇರುವ ಯೂ ಎಂಬ ನಿತ್ಯಹಸುರು ಮರದ ವಯಸ್ಸಿನ ಬಗ್ಗೆ ಬೋರ್ಡು ಏನು ಹೇಳಿದರೂ ಅರ್ಧಕ್ಕೆ ಇಳಿಸಿಕೊಳ್ಳಿ. ಟೊಳ್ಳಾದ ಮರದ ಉಂಗುರ ಎಣಿಸುವುದಾದರೂ ಹೇಗೆ?

ದಕ್ಷಿಣದ ಬಾಗಿಲಿನ ಪಕ್ಕದ ಕಲ್ಲುಗಳನ್ನು ಹತ್ತಿರದಿಂದ ನೋಡಿ. ನಡುವೆ ಒಂದು ತೂತು, ಅದರಿಂದ ಕೆಳಗೆ ಹರಡಿದ ಗೀರುಗಳು ಕಂಡರೆ ಅದು ಪೂಜೆಯ ಹೊತ್ತು ಹೇಳುತ್ತಿದ್ದ ನೆರಳು ಗಡಿಯಾರ. ತೂತಿಗೆ ಒಂದು ಕಡ್ಡಿ ಸಿಕ್ಕಿಸಿದರೆ ಆಯಿತು. ಅದೇ ಗೀರು ಉತ್ತರದ ಗೋಡೆಯಲ್ಲೋ, ಬಿಸಿಲೇ ಬೀಳದ ಪೋರ್ಚಿನ (ಬಾಗಿಲ ಮುಂದಿನ ಚಾವಣಿಯ ಮಂಟಪ) ಒಳಗೋ ಸಿಕ್ಕರೆ ಖುಷಿಪಡಿ. ಆ ಕಲ್ಲನ್ನು ಕಿತ್ತು ಅಲ್ಲಿ ಇಟ್ಟಿದ್ದಾರೆ, ಇಲ್ಲವೇ ಪೋರ್ಚ್ ಆಮೇಲೆ ಬಂದಿದೆ.

ಹಂತ 3: ಗೋಡೆಯ ಹೊಲಿಗೆ ಹುಡುಕಿ

ಎಲ್ಲಾ ಹಂತಗಳಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ, ಹೆಚ್ಚು ಕೊಡುವುದೂ ಇದೇ.

ಒಂದೇ ಸಲ ಕಟ್ಟಿದ ಗೋಡೆಯಲ್ಲಿ ಕಲ್ಲುಗಳು ಒಂದರ ಮೇಲೊಂದು ಅಡ್ಡಡ್ಡ ಹಿಡಿದುಕೊಂಡಿರುತ್ತವೆ. ಹಳೇ ಗೋಡೆಗೆ ಆಮೇಲೆ ಹೊಸದನ್ನು ತಂದು ಅಂಟಿಸಿದರೆ, ಮೇಲಿಂದ ಕೆಳಗೆ ನೇರವಾದ ಒಂದು ಬಿರುಕಿನಂಥ ಗೆರೆ ಉಳಿಯುತ್ತದೆ. ಅದೇ ಹೊಲಿಗೆ. ನೇವ್‌ನ ಪಶ್ಚಿಮದ ತುದಿ, ಗೋಪುರ ಸೇರುವ ಜಾಗ, ನೇವ್ ಅಗಲಿಸಲು ಬದಿಗೆ ಕಟ್ಟಿದ ಪಕ್ಕದ ಸಾಲಿನ ತುದಿಗಳು, ಪೋರ್ಚ್, ಇಲ್ಲೆಲ್ಲ ನೋಡಿ. ಗೋಡೆಯ ನಡುವೆ ಒಂದರ ಮೇಲೊಂದು ದೊಡ್ಡ ಕೆತ್ತಿದ ಕಲ್ಲುಗಳ ಕಂಬ ಕಂಡರೆ ಅದು ಒಂದು ಕಾಲದಲ್ಲಿ ಕಟ್ಟಡದ ಮೂಲೆಯಾಗಿತ್ತು. ಅಂದರೆ ಚರ್ಚ್ ಅಲ್ಲಿಗೇ ಮುಗಿಯುತ್ತಿತ್ತು.

ಯಾವುದು ಮೊದಲು, ಯಾವುದು ಆಮೇಲೆ? ನಿಯಮ ಸುಲಭ. ಯಾವುದು ಯಾವುದನ್ನು ಕಡಿದಿದೆಯೋ ಅದು ಈಚಿನದು. ಕಿಟಕಿಯೊಂದು ಹಳೇ ಬಾಗಿಲ ಕಮಾನನ್ನು ಅರ್ಧಕ್ಕೆ ನುಂಗಿದ್ದರೆ ಕಿಟಕಿಯೇ ಕಿರಿಯ. ಆಸರೆಗೋಡೆ ಒಂದು ಮುಚ್ಚಿದ ಕಿಟಕಿಯ ಮೇಲೆ ಕೂತಿದ್ದರೆ ಮೊದಲು ಕಿಟಕಿ, ಆಮೇಲೆ ಮುಚ್ಚಿದ್ದು, ಆಮೇಲೆ ಆಸರೆಗೋಡೆ. ಒಂದೇ ಜಾಗದಲ್ಲಿ ಮೂರು ಘಟನೆಗಳ ಸಾಲು ಸಿಕ್ಕಿತು. ಇಸವಿ ಇನ್ನೂ ಗೊತ್ತಿಲ್ಲ, ಪರವಾಗಿಲ್ಲ. ಮೊದಲು ಸಾಲು, ಆಮೇಲೆ ಇಸವಿ.

ಈಗ ದೂರ ಹೋಗಿ ನಿಂತು ಗೋಪುರದ ಪೂರ್ವದ ಮುಖ ನೋಡಿ, ಅಂದರೆ ನೇವ್‌ನ ಮಾಡಿಗಿಂತ ಮೇಲೆ ಕಾಣುವ ಭಾಗ. ಅಲ್ಲಿ ತಲೆಕೆಳಗಾದ ‘ವಿ’ ಆಕಾರದ ಕಲ್ಲಿನ ಪಟ್ಟಿ ಆಗಾಗ ಕಾಣುತ್ತದೆ. ಅದು ಹಳೇ ಮಾಡಿನ ಗುರುತು. ಈಗಿನ ಮಾಡು ತೀರಾ ಚಪ್ಪಟೆಯಾಗಿದ್ದು ಹಳೇ ಗುರುತು ಕಡಿದಾಗಿದ್ದರೆ, ಮೊದಲು ಹುಲ್ಲೋ ಹಲಗೆಯೋ ಹೊದಿಸಿದ್ದ ಇಳಿಜಾರು ಮಾಡಿತ್ತು, ಆಮೇಲೆ ಗೋಡೆ ಎತ್ತರಿಸಿ, ಮೇಲೆ ಕಿಟಕಿಸಾಲು ಇಟ್ಟು, ಸೀಸದ ತಗಡಿನ ಚಪ್ಪಟೆ ಮಾಡು ಹಾಕಿದ್ದಾರೆ. ಇದು ಹೆಚ್ಚಾಗಿ 15ನೇ ಶತಮಾನದ ಕೆಲಸ. ಒಂದು ಗೆರೆಯಿಂದ ಇಷ್ಟು ತಿಳಿಯುತ್ತದೆ ಅಂದರೆ ಆ ಹಾಳೆಯ ಹಂಗೇ ಬೇಡ, ಅಲ್ವಾ?

ಬೇರೆ ಕಡೆಯಿಂದ ಬಂದ ಕಲ್ಲಿಗೂ ಕಣ್ಣಿಟ್ಟಿರಿ. ಡರಮ್ ಕೌಂಟಿಯ ಎಸ್ಕಮ್ ಚರ್ಚ್ 7ನೇ ಶತಮಾನದ್ದು, ಹತ್ತಿರದ ಬಿಂಚೆಸ್ಟರಿನ ರೋಮನ್ ಕೋಟೆಯ ಕಲ್ಲುಗಳಿಂದ ಕಟ್ಟಿದ್ದು. ಅದರ ಉತ್ತರದ ಗೋಡೆಯಲ್ಲಿ ರೋಮನ್ ಸೇನೆಯ ಆರನೇ ಲೀಜನ್ನಿನ ಹೆಸರಿರುವ ಕಲ್ಲೊಂದು ತಲೆಕೆಳಗಾಗಿ ಕೂತಿದೆ. ಕಟ್ಟಿದವನಿಗೆ ಅದು ಬರೀ ಒಳ್ಳೇ ಕಲ್ಲು. ಎಸೆಕ್ಸಿನ ಕಡಲಂಚಿನಲ್ಲಿ ಬ್ರಾಡ್‌ವೆಲ್‌ನ ಚಾಪಲ್ ಕೂಡ ಹೀಗೇ ರೋಮನ್ ಕೋಟೆಯ ಕಲ್ಲು, ಇಟ್ಟಿಗೆಗಳಿಂದಲೇ ಎದ್ದದ್ದು. ಅದು ಎಷ್ಟೋ ಕಾಲ ಕಣಜವಾಗಿತ್ತು, 1920ರಲ್ಲಿ ಮತ್ತೆ ಪೂಜೆಗೆ ಬಂತು.

ಹಂತ 4: ಕಮಾನು ಮತ್ತು ಕಿಟಕಿಯಿಂದ ಕಾಲ ಹಿಡಿಯಿರಿ

ಈಗ ಇಸವಿಯ ಸರದಿ. ಇಲ್ಲಿ ಬಳಸುವ ಹೆಸರುಗಳನ್ನು ಕೊಟ್ಟವನು ಥಾಮಸ್ ರಿಕ್ಮನ್, ವಾಸ್ತುಶಿಲ್ಪವನ್ನು ತಾನೇ ನೋಡಿ ನೋಡಿ ಕಲಿತವನು. 1817ರಲ್ಲಿ ಅವನು ಮಾಡಿದ ವಿಂಗಡಣೆಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ.

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ಕ್ಕಿಂತ ಹಿಂದಿನದು ಆಂಗ್ಲೋ-ಸ್ಯಾಕ್ಸನ್. ಗೋಡೆ ಎತ್ತರ, ಆದರೆ ತೆಳು, ಅನೇಕ ಸಲ ಮೂರಡಿಗಿಂತ ಕಡಿಮೆ. ಒಳಜಾಗ ಇಕ್ಕಟ್ಟು. ಮೂಲೆಯಲ್ಲಿ ಒಂದು ಉದ್ದ ನಿಂತ ಕಲ್ಲು, ಅದರ ಮೇಲೆ ಒಂದು ಮಲಗಿದ ಕಲ್ಲು, ಹೀಗೆ ಸರದಿ. ಕಿಟಕಿಯ ನೆತ್ತಿ ಕೆಲವು ಸಲ ಎರಡು ಕಲ್ಲು ಒರಗಿಸಿದ ತ್ರಿಕೋನ. ಇದಕ್ಕೆ ನಾರ್ಥಾಂಪ್ಟನ್‌ಶೈರಿನ ಅರ್ಲ್ಸ್ ಬಾರ್ಟನ್ ಗೋಪುರ ನೋಡಿದರೆ ಸಾಕು, ಮೈತುಂಬ ಕಲ್ಲಿನ ಪಟ್ಟಿಗಳು, ಮರದ ಚೌಕಟ್ಟನ್ನು ಕಲ್ಲಿನಲ್ಲಿ ಮಾಡಿದ ಹಾಗೆ. ಇಂಥ ಕಟ್ಟಡಗಳು ಕಣ್ಣೆದುರೇ ಕಳೆದುಹೋಗಿರುವುದೂ ಉಂಟು. ಬ್ರಾಡ್‌ಫರ್ಡ್-ಆನ್-ಏವನ್‌ನ ಪುಟ್ಟ ಸ್ಯಾಕ್ಸನ್ ಚರ್ಚ್ ಶಾಲೆಯೂ ವಾಸದ ಮನೆಯೂ ಆಗಿ ಸುತ್ತಲಿನ ಕಟ್ಟಡಗಳಲ್ಲಿ ಮುಚ್ಚಿಹೋಗಿತ್ತು. 1850ರ ದಶಕದಲ್ಲಿ ಅಲ್ಲಿನ ವಿಕಾರ್, ಅಂದರೆ ಊರಿನ ಪಾದ್ರಿ, ಅದನ್ನು ಗುರುತಿಸಿದರು.

ನಾರ್ಮನ್ ಶೈಲಿ 1066ರಿಂದ ಸುಮಾರು 1190ರವರೆಗೆ. ದುಂಡು ಕಮಾನು, ದಪ್ಪ ಗೋಡೆ, ಮೋಟು ಕಂಬ, ಬಾಗಿಲ ಸುತ್ತ ಹಾವಿನ ಹಾಗೆ ಅಂಕುಡೊಂಕಾದ ಕೆತ್ತನೆ. ಹೆರೆಫರ್ಡ್‌ಶೈರಿನ ಕಿಲ್ಪೆಕ್ ಚರ್ಚಿನ ಸೂರಿನ ಕೆಳಗೆ ನಾಯಿ, ಮೊಲ, ಜಟ್ಟಿಗಳು, ಪಿಟೀಲು ಬಾರಿಸುವವನು, ಮತ್ತು ಪಾದ್ರಿಗಳು ವಿವರಿಸಲು ತಡವರಿಸುವ ಒಂದು ಬೆತ್ತಲೆ ಹೆಂಗಸು, ಹೀಗೆ ಸಾಲುಸಾಲು ತಲೆಗಳಿವೆ. 1140ರ ಸುಮಾರಿನ ಕೆಲಸ, ಇನ್ನೂ ಚೂಪಾಗಿ ಉಳಿದಿದೆ.

ಅಲ್ಲಿಂದ ಮುಂದೆ ಗಾಥಿಕ್, ಮೊನಚು ಕಮಾನಿನ ಕಾಲ. ಇದನ್ನು ಮೂರು ಭಾಗ ಮಾಡುತ್ತಾರೆ. ಸುಮಾರು 1190ರಿಂದ 1290ರವರೆಗೆ ಅರ್ಲಿ ಇಂಗ್ಲಿಷ್: ಈಟಿಯ ಮೊನೆಯಂಥ ಉದ್ದ ಸಪೂರ ಕಿಟಕಿ, ಒಂಟಿಯಾಗಿ ಅಥವಾ ಮೂರು ಮೂರು ಒಟ್ಟಿಗೆ. ಸುಮಾರು 1290ರಿಂದ 1350ರವರೆಗೆ ಡೆಕೊರೇಟೆಡ್: ಕಿಟಕಿಯ ತಲೆಯಲ್ಲಿ ಕಲ್ಲು ಬಳ್ಳಿಯಂತೆ ಬಳುಕುತ್ತದೆ, ಕಮಾನು ಒಳಗೂ ಹೊರಗೂ ಬಾಗುತ್ತದೆ. ಆಮೇಲೆ 1530ರ ಸುಮಾರಿನವರೆಗೆ ಪರ್ಪೆಂಡಿಕ್ಯುಲರ್: ಕಿಟಕಿಯ ಕಲ್ಲುಕಡ್ಡಿಗಳು ನೆಟ್ಟಗೆ ಮೇಲಿನವರೆಗೂ ಹೋಗುತ್ತವೆ, ಗೋಡೆಗಿಂತ ಗಾಜೇ ಜಾಸ್ತಿ ಅನ್ನಿಸುತ್ತದೆ. ಬಳುಕಿದರೆ ಡೆಕೊರೇಟೆಡ್, ನೆಟ್ಟಗಿದ್ದರೆ ಪರ್ಪೆಂಡಿಕ್ಯುಲರ್. ಇಷ್ಟು ನೆನಪಿಟ್ಟರೆ ಮುಕ್ಕಾಲು ಕಿಟಕಿಗಳು ಪಳಗುತ್ತವೆ.

ಪರ್ಪೆಂಡಿಕ್ಯುಲರ್ ಕಾಲದ ದೊಡ್ಡ ದೊಡ್ಡ ಹಳ್ಳಿ ಚರ್ಚುಗಳ ಹಿಂದೆ ಇರುವುದು ಕುರಿ. ಸಫೋಕ್‌ನ ಲ್ಯಾವನಮ್‌ನಲ್ಲಿ ಬಟ್ಟೆ ವ್ಯಾಪಾರದ ಸ್ಪ್ರಿಂಗ್ ಮನೆತನದವರೂ ಆಕ್ಸ್‌ಫರ್ಡಿನ ಅರ್ಲ್‌ಗಳೂ ಸೇರಿ ದುಡ್ಡು ಸುರಿದರು, ಗೋಪುರ 141 ಅಡಿ ಎದ್ದಿತು. ಗ್ಲಾಸ್ಟರ್‌ಶೈರಿನ ನಾರ್ತ್‌ಲೀಚ್‌ನಲ್ಲಿ ಉಣ್ಣೆ ವ್ಯಾಪಾರಿಗಳ ಗೋರಿಗಳ ಮೇಲೆ ಅವರ ಚಿತ್ರ ಕೊರೆದ ಹಿತ್ತಾಳೆ ಫಲಕಗಳಿವೆ. ಕಾಲ ಕೆಳಗೆ ಕುರಿ, ಉಣ್ಣೆ ಮೂಟೆ. ದುಡ್ಡು ಎಲ್ಲಿಂದ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ.

ಇಲ್ಲೊಂದು ಎಚ್ಚರಿಕೆ, ನನ್ನ ಮಾನ ಹೋದ ಕಥೆ. ಒಮ್ಮೆ ಒಂದು ಚರ್ಚಿನ ಬಾಗಿಲ ಮುಂದೆ ನಿಂತು, ಜೊತೆಗಿದ್ದವರಿಗೆ 12ನೇ ಶತಮಾನದ ನಾರ್ಮನ್ ಕಮಾನು ಅಂತ ಅರ್ಧ ಗಂಟೆ ಭಾಷಣ ಮಾಡಿದೆ. ಅಂಕುಡೊಂಕು ಕೆತ್ತನೆ, ದುಂಡು ಕಮಾನು, ಎಲ್ಲಾ ಇತ್ತು. ಹೂವು ಜೋಡಿಸುತ್ತಿದ್ದ ಒಬ್ಬ ಅಜ್ಜಿ ಸುಮ್ನೆ ಕೇಳಿಸಿಕೊಂಡು, ಕೊನೆಗೆ ‘ಅದು 1840ರ ದಶಕದ್ದು ಕಣಪ್ಪ’ ಅನ್ನುವ ಧಾಟಿಯಲ್ಲಿ ಹೇಳಿ ಹೋದರು. ಆಮೇಲೆ ನೋಡಿದರೆ ನಿಜ. ಎಲ್ಲಾ ಕಲ್ಲೂ ಒಂದೇ ಅಳತೆ, ಅಂಚು ಒಂದೂ ಸವೆದಿಲ್ಲ, ಉಳಿಯ ಗೆರೆಗಳು ಯಂತ್ರದ ಹಾಗೆ ಒಂದೇ ಸಮ. ಅಂದಿನಿಂದ ನಾನು ಶೈಲಿ ನೋಡುವ ಮೊದಲು ಕಲ್ಲಿನ ಮೈ ನೋಡುತ್ತೇನೆ. ನೀವೂ ಹಾಗೇ ಮಾಡಿ. ಶೈಲಿ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ, ಅದನ್ನು ಯಾರು ಯಾವಾಗ ಬೇಕಾದರೂ ನಕಲು ಮಾಡಬಹುದು.

ಹಂತ 5: ಈಗ ಒಳಗೆ ಬನ್ನಿ, ಕಂಬ ಎಣಿಸಿ

ನೇವ್‌ನ ನಡುವೆ ನಿಂತು ಎಡಬಲ ನೋಡಿ. ಎರಡೂ ಕಡೆಯ ಕಮಾನುಸಾಲು ಒಂದೇ ಥರ ಇದೆಯೇ? ಬಹಳ ಸಲ ಇರುವುದಿಲ್ಲ. ಜನ ಹೆಚ್ಚಾದಾಗ, ಅಥವಾ ಮೆರವಣಿಗೆಗೆ, ಹೆಚ್ಚಿನ ಬಲಿಪೀಠಗಳಿಗೆ ಜಾಗ ಬೇಕಾದಾಗ, ಇದ್ದ ಗೋಡೆಯನ್ನೇ ಕೊರೆದು ಕಮಾನು ಕೂರಿಸಿ ಪಕ್ಕಕ್ಕೆ ಒಂದು ಸಾಲು ಕಟ್ಟುತ್ತಿದ್ದರು. ಉತ್ತರದ್ದು 1180ರಲ್ಲಿ, ದಕ್ಷಿಣದ್ದು ನೂರು ವರ್ಷ ಬಿಟ್ಟು, ಹೀಗೆ. ಕಮಾನುಗಳ ನಡುವೆ ಉಳಿದ ಗೋಡೆಯ ತುಂಡು ಇಡೀ ಕಟ್ಟಡದಲ್ಲೇ ಹಳೆಯದಾಗಿರಬಹುದು. ಅದರ ದಪ್ಪ ಅಳೆಯಿರಿ. ಕಮಾನಿನ ಮೇಲೆ ಅರ್ಧ ಮುಚ್ಚಿದ ಪುಟ್ಟ ಕಿಟಕಿಯ ಗುರುತು ಇದೆಯೋ ನೋಡಿ, ಇದ್ದರೆ ಅದು ಒಂದು ಕಾಲದಲ್ಲಿ ಹೊರಗೋಡೆ.

ಚಾನ್ಸಲ್ ನೇವ್‌ಗೆ ನೇರವಾಗಿಲ್ಲದೆ ಒಂದು ಬದಿಗೆ ವಾಲಿರುವುದು ಆಗಾಗ ಕಾಣುತ್ತದೆ. ಶಿಲುಬೆಯ ಮೇಲೆ ಯೇಸುವಿನ ತಲೆ ವಾಲಿದ್ದರ ಸಂಕೇತ ಅಂತ ಗೈಡುಗಳು ಹೇಳುತ್ತಾರೆ. ಚಂದದ ಮಾತು. ಆದರೆ ಹಳೇ ಚಾನ್ಸಲ್‌ನಲ್ಲಿ ಪೂಜೆ ನಡೆಯುತ್ತಿರುವಾಗಲೇ ಅದರ ಸುತ್ತ ಹೊಸ ಗೋಡೆ ಕಟ್ಟಿದರೆ ಹಗ್ಗ ಹಿಡಿದು ಅಳೆಯಲು ಆಗುವುದಿಲ್ಲ, ಸೊಟ್ಟಗಾಗುತ್ತದೆ. ಅಷ್ಟೇ.

ಇಂಥವೇ ಇನ್ನೂ ಎರಡು. ಕಾಲ ಮೇಲೆ ಕಾಲು ಹಾಕಿ ಮಲಗಿದ ವೀರನ ಪ್ರತಿಮೆ ಇದ್ದರೆ ಅವನು ಧರ್ಮಯುದ್ಧಕ್ಕೆ ಹೋಗಿದ್ದವನು ಅನ್ನುತ್ತಾರೆ, ಅಲ್ಲ, ಅದು ಆ ಕಾಲದ ಶಿಲ್ಪಿಗಳ ಶೈಲಿ. ಚಾನ್ಸಲ್‌ನ ಕೆಳಗಿನ ಸಣ್ಣ ಕಿಟಕಿಯನ್ನು ಕುಷ್ಠರೋಗಿಗಳ ಕಿಟಕಿ ಅನ್ನುತ್ತಾರೆ, ಅದಕ್ಕೂ ಆಧಾರವಿಲ್ಲ.

ಹಂತ 6: ಗೂಡು, ತೂತು, ಎಲ್ಲಿಗೂ ಹೋಗದ ಮೆಟ್ಟಿಲು

16ನೇ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನ ಎಲ್ಲಾ ಹಳ್ಳಿ ಚರ್ಚುಗಳೂ ಕ್ಯಾಥೊಲಿಕ್ ಪೂಜೆಗೆ ಕಟ್ಟಿದವು. ದೇಶ ಪ್ರೊಟೆಸ್ಟೆಂಟ್ ಆದಾಗ ಆ ಪೂಜೆ ನಿಂತಿತು, ಅದರ ಪಾತ್ರೆಪಗಡಿ ಹೋಯಿತು, ಗೋಡೆಯ ಗೂಡುಗಳು ಮಾತ್ರ ಉಳಿದವು.

ಚಾನ್ಸಲ್‌ನ ದಕ್ಷಿಣದ ಗೋಡೆಯಲ್ಲಿ ತಳಕ್ಕೆ ತೂತಿರುವ ಪುಟ್ಟ ಬೋಗುಣಿ ಇರುತ್ತದೆ. ಪೂಜೆಯ ಪಾತ್ರೆ ತೊಳೆದ ನೀರು ಅದರ ಮೂಲಕ ನೇರ ನೆಲಕ್ಕೆ ಇಳಿಯುತ್ತಿತ್ತು. ಇದರ ಹೆಸರು ಪಿಸೀನ. ಇದು ಪಕ್ಕದ ಸಾಲಿನ ತುದಿಯಲ್ಲೋ ಬೇರೆ ಗೋಡೆಯಲ್ಲೋ ಸಿಕ್ಕರೆ ಅಲ್ಲೂ ಒಂದು ಬಲಿಪೀಠವಿತ್ತು ಅಂತ ಖಚಿತ. ಪಕ್ಕದ ಮೂರು ಕಲ್ಲಿನ ಪೀಠಗಳು ಪಾದ್ರಿ ಮತ್ತು ಸಹಾಯಕರು ಕೂರಲು. ಕಂಬದಲ್ಲಿ ಓರೆಯಾಗಿ ಕೊರೆದ ತೂತಿದ್ದರೆ ಅದರಲ್ಲಿ ಕಣ್ಣಿಟ್ಟು ನೋಡಿ, ಮುಖ್ಯ ಬಲಿಪೀಠ ಕಾಣುತ್ತದೆ. ಪಕ್ಕದ ಬಲಿಪೀಠದ ಪಾದ್ರಿಗೆ ಅಲ್ಲಿ ಪೂಜೆ ಎಲ್ಲಿಗೆ ಬಂತು ಅಂತ ತಿಳಿಯಬೇಕಿತ್ತು.

ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಎದುರುಬದುರು ಎರಡು ಕಡೆ ಕಲ್ಲು ಒಡೆದು ತೇಪೆ ಹಾಕಿದ ಗುರುತು ಸಿಕ್ಕರೆ, ಅವು ಬೀಗದ ಕೊಂಡಿ ಕಿತ್ತ ಜಾಗ. ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕು ಎಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ 1236ರಲ್ಲಿ ಅಪ್ಪಣೆ ಮಾಡಿದ್ದರು. ಮಂತ್ರಿಸಿದ ನೀರನ್ನು ಜನ ಮಾಟಕ್ಕೆ ಕದಿಯುತ್ತಿದ್ದರು ಎಂಬ ಭಯ.

ಇನ್ನು ಆ ಮೆಟ್ಟಿಲು. ಚಾನ್ಸಲ್ ಕಮಾನಿನ ಪಕ್ಕದ ಗೋಡೆಯೊಳಗೆ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಮೇಲೆ ಗಾಳಿಯಲ್ಲಿ ಬಾಗಿಲು ತೆರೆದು ನಿಂತಿರುತ್ತದೆ. ಅಲ್ಲಿ ಒಂದು ಮರದ ಅಟ್ಟವಿತ್ತು. ಅದರ ಮೇಲೆ ಶಿಲುಬೆಯ ಯೇಸು, ಎಡಬಲಕ್ಕೆ ಮೇರಿ ಮತ್ತು ಯೋಹಾನ. ಪ್ರೊಟೆಸ್ಟೆಂಟ್ ದೊರೆ ಆರನೇ ಎಡ್ವರ್ಡನ ಕಾಲದಲ್ಲಿ ಆ ಮೂರ್ತಿಗಳನ್ನು ಇಳಿಸಿದರು, ಕ್ಯಾಥೊಲಿಕ್ ಆಗಿದ್ದ ಮೇರಿ ರಾಣಿ ಬಂದಾಗ ಮತ್ತೆ ಏರಿಸಿದರು, 1561ರಲ್ಲಿ ಎಲಿಜಬೆತ್ ಅಟ್ಟವನ್ನೇ ಕೀಳಿಸಿದಳು. ಹದಿನೈದು ವರ್ಷದೊಳಗೆ ಇಷ್ಟೆಲ್ಲ. ಖರ್ಚು ಮಾತ್ರ ಪ್ರತಿಸಲವೂ ಊರಿನವರದೇ.

ಹಂತ 7: ಒಡೆದದ್ದರ ಲೆಕ್ಕ

ಖಾಲಿ ಬಿಳಿ ಗೋಡೆ ನೋಡಿ ಚರ್ಚ್ ಎಂದರೆ ಸರಳ ಅಂದುಕೊಳ್ಳಬೇಡಿ. ಮಧ್ಯಯುಗದಲ್ಲಿ ಗೋಡೆತುಂಬ ಬಣ್ಣದ ಚಿತ್ರಗಳಿದ್ದವು. ಚಾನ್ಸಲ್ ಕಮಾನಿನ ಮೇಲೆ ಕೊನೆಯ ತೀರ್ಪಿನ ದಿನ, ಬಾಗಿಲಿನ ಎದುರಿನ ಗೋಡೆಯಲ್ಲಿ ಮಗು ಯೇಸುವನ್ನು ಹೊತ್ತ ದೈತ್ಯ ಸಂತ ಕ್ರಿಸ್ಟೋಫರ್. ಮತಸುಧಾರಣೆಯ ಕಾಲದಲ್ಲಿ ಎಲ್ಲದಕ್ಕೂ ಸುಣ್ಣ ಬಳಿದರು. ಸಫೋಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ 1892ರಲ್ಲಿ ಕಮಾನಿನ ಮೇಲಿದ್ದ ಸುಣ್ಣ ಬಳಿದ ಹಲಗೆಗಳನ್ನು ಕಿತ್ತು ಅಂಗಳಕ್ಕೆ ಎಸೆದಿದ್ದರು. ರಾತ್ರಿ ಮಳೆ ಬಂತು. ಬೆಳಗ್ಗೆ ನೋಡಿದರೆ ಸುಣ್ಣ ತೊಳೆದುಹೋಗಿ ಸ್ವರ್ಗ, ನರಕ, ದೆವ್ವಗಳು ಕಾಣುತ್ತಿದ್ದವು. ಅದರ ನಡುವೆ ಬಣ್ಣವಿಲ್ಲದ ಖಾಲಿ ಆಕಾರಗಳಿವೆ, ಶಿಲುಬೆ ಮತ್ತು ಎರಡು ಮೂರ್ತಿಗಳು ನಿಂತಿದ್ದ ಜಾಗ. ಮೂರ್ತಿಗಳು ಹೋದವು, ಅವುಗಳ ನೆರಳು ಉಳಿಯಿತು.

ಒಡೆದದ್ದೆಲ್ಲಾ ಒಂದೇ ಸಲ ಒಡೆದದ್ದಲ್ಲ. ಒಂದು ಅಲೆ 1540ರ ದಶಕದಲ್ಲಿ, ಇನ್ನೊಂದು 1640ರ ದಶಕದಲ್ಲಿ. ಎರಡನೆಯದರಲ್ಲಿ ವಿಲಿಯಂ ಡೌಸಿಂಗ್ ಎಂಬ ಕಟ್ಟಾ ಪ್ರೊಟೆಸ್ಟೆಂಟ್ 1643-44ರಲ್ಲಿ ಕೇಂಬ್ರಿಜ್‌ಶೈರ್, ಸಫೋಕ್ ಸುತ್ತಿ ಚಿತ್ರ, ಗಾಜು, ಶಿಲುಬೆ ಒಡೆಸಿ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. ಹಾಗಂತ ಎಲ್ಲಾ ಪಾಪವನ್ನೂ ಅವನ ತಲೆಗೆ ಕಟ್ಟಬೇಡಿ. ಬ್ಲೈಬರಾ ಚರ್ಚಿನ ಚಾವಣಿಯಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರಿದ್ದಾರೆ, ಅವರ ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕವು. ಡೌಸಿಂಗನ ಜನ ಹೊಡೆದದ್ದು ಅಂತ ಬಹಳ ಕಾಲ ನಂಬಿದ್ದರು. ಆದರೆ 18ನೇ ಶತಮಾನದಲ್ಲಿ ಚರ್ಚಿನೊಳಗೆ ಗೂಡು ಕಟ್ಟಿದ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಗುಂಡು ಕೊಂಡ ಲೆಕ್ಕ ಚರ್ಚಿನ ಖಾತೆಯಲ್ಲೇ ಇದೆ!

ಹಂತ 8: ವಿಕ್ಟೋರಿಯನ್ನರನ್ನು ಸಿಪ್ಪೆಯಂತೆ ಸುಲಿಯಿರಿ

ನೀವು ನೋಡುತ್ತಿರುವ ಬೆಂಚು, ನೆಲದ ಬಣ್ಣದ ಹೆಂಚು, ಪೂರ್ವದ ಕಿಟಕಿಯ ಗಾಜು, ಆರ್ಗನ್, ಹೆಚ್ಚಿನಂಶ ಇವೆಲ್ಲ 1840ರಿಂದ 1900ರ ನಡುವಿನವು. ವಿಕ್ಟೋರಿಯಾ ರಾಣಿಯ ಆ ಕಾಲದವರು ಗಿಲಾವು ಕೆರೆದರು, 18ನೇ ಶತಮಾನದ ಬಾಗಿಲುಳ್ಳ ಪೆಟ್ಟಿಗೆ ಬೆಂಚುಗಳನ್ನೂ ಗ್ಯಾಲರಿಗಳನ್ನೂ ಕಿತ್ತರು, ಚರ್ಚ್ 1300ರಲ್ಲಿ ಹೇಗಿರಬೇಕಿತ್ತು ಅಂತ ತಮಗೆ ತೋಚಿತೋ ಹಾಗೆ ಮಾಡಿದರು. ಇದಕ್ಕೆ ಸಿಟ್ಟಾಗಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ, ಅದು ಈಗಲೂ ಇದೆ. ನನಗೆ ಮಾರಿಸನ ಸಿಟ್ಟು ಅರ್ಥವಾಗುತ್ತದೆ, ಆದರೆ ಒಂದು ಮಾತು ಹೇಳಲೇಬೇಕು. ಅವರು ರಿಪೇರಿ ಮಾಡದಿದ್ದರೆ ಎಷ್ಟೋ ಚರ್ಚುಗಳ ಮಾಡೇ ಇರುತ್ತಿರಲಿಲ್ಲ.

ಹಂತ 9: ಈಗ ಕಾಗದಪತ್ರ

ಈಗ ಮೇಜಿನ ಮೇಲಿನ ಹಾಳೆ ಓದಬಹುದು. ಹಳೇ ಕಟ್ಟಡಗಳ ಪಟ್ಟಿ ಇಡುವ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡಿನ ಪಟ್ಟಿಯಲ್ಲಿ ಆ ಚರ್ಚಿನ ವಿವರಣೆ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರಿನ ಹೆಸರು ಹುಡುಕಿ. ಚರ್ಚೋ ಪಾದ್ರಿಯೋ ಇದ್ದಾನೆಂದು ಬರೆದಿದ್ದರೆ ಒಳ್ಳೆಯದು. ಬರೆದಿಲ್ಲ ಅಂದರೆ ಚರ್ಚ್ ಇರಲಿಲ್ಲ ಎಂದಲ್ಲ, ಅದು ತೆರಿಗೆ ಮತ್ತು ಜಮೀನಿನ ಲೆಕ್ಕ.

ಕೌಂಟಿಯ ದಾಖಲೆ ಕಚೇರಿಯಲ್ಲಿ ಪ್ಯಾರಿಷ್ ರಿಜಿಸ್ಟರುಗಳಿರುತ್ತವೆ. ದೀಕ್ಷಾಸ್ನಾನ, ಮದುವೆ, ಹೂಳಿದ್ದು, ಇವನ್ನು ಬರೆದಿಡಬೇಕು ಎಂದು 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ. ಆದರೂ ಎಷ್ಟೋ ಊರುಗಳ ಪುಸ್ತಕ 1558ಕ್ಕೇ ಶುರು. ಕಾರಣ ಇದೆ. 1598ರಲ್ಲಿ ಹಳೇ ಕಾಗದದ ದಾಖಲೆಗಳನ್ನು ಚರ್ಮದ ಹಾಳೆಗೆ ಇಳಿಸಿ, ಅದರಲ್ಲೂ ಎಲಿಜಬೆತ್ ಪಟ್ಟಕ್ಕೆ ಬಂದ ವರ್ಷದಿಂದ ಈಚಿನದನ್ನು ಎಂದು ಅಪ್ಪಣೆಯಾಯಿತು. ಸೋಮಾರಿಗಳು ಅಲ್ಲಿಂದಲೇ ನಕಲು ಶುರುಮಾಡಿದರು.

ಕಟ್ಟಡಕ್ಕೆ ಬೇಕಾದದ್ದು ರಿಜಿಸ್ಟರಿಗಿಂತ ಚರ್ಚ್‌ವಾರ್ಡನ್‌ಗಳ, ಅಂದರೆ ಚರ್ಚಿನ ಉಸ್ತುವಾರಿ ಹೊತ್ತ ಊರಿನವರ, ಖರ್ಚಿನ ಖಾತೆ. ಸೀಸಕ್ಕೆ ಇಷ್ಟು, ಸುಣ್ಣಕ್ಕೆ ಇಷ್ಟು, ಗಂಟೆಯ ಹಗ್ಗಕ್ಕೆ ಇಷ್ಟು. ಡೆವನ್‌ನ ಮೋರ್‌ಬಾತ್ ಎಂಬ ಸಣ್ಣ ಊರಿನ ಖಾತೆಗಳು 1520ರಿಂದ 1574ರವರೆಗಿನವು ಉಳಿದಿವೆ. ಸಂತರ ಹೆಸರಿನಲ್ಲಿ ಸಾಕಿದ ಕುರಿಗಳಿಂದ ಹಿಡಿದು ಅವೆಲ್ಲ ಕೈಬಿಟ್ಟುಹೋಗುವವರೆಗೂ ಅಲ್ಲಿನ ಪಾದ್ರಿಯೇ ಬರೆದಿದ್ದಾನೆ.

ವಿಕ್ಟೋರಿಯನ್ ಬದಲಾವಣೆಗೆ ಎರಡು ಕಡೆ ನೋಡಿ. ಚರ್ಚಿನಲ್ಲಿ ಏನೇ ದೊಡ್ಡ ಬದಲಾವಣೆ ಮಾಡಲು ಬಿಷಪರ ನ್ಯಾಯಾಲಯದಿಂದ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕು, ಅದರ ಕಡತಗಳು. ಇನ್ನೊಂದು, ಚರ್ಚ್ ಕಟ್ಟಡಗಳಿಗೆ ಧನಸಹಾಯ ಕೊಡಲು 1818ರಲ್ಲಿ ಶುರುವಾದ ಸಂಘದ ನಕ್ಷೆಗಳು, ಲಂಡನ್ನಿನ ಲ್ಯಾಂಬೆತ್ ಪ್ಯಾಲೆಸ್ ಲೈಬ್ರರಿಯಲ್ಲಿವೆ. ಮೊದಲಿನ ಬೆಂಚು ಎಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು, ಎರಡೂ ಚಿತ್ರ ಒಟ್ಟಿಗೆ ಸಿಗುವುದುಂಟು. 1851ರ ಮಾರ್ಚ್ 30ರ ಭಾನುವಾರ ದೇಶದ ಎಲ್ಲಾ ಚರ್ಚುಗಳಲ್ಲಿ ಎಷ್ಟು ಜನ ಬಂದಿದ್ದರು ಅಂತ ಸರ್ಕಾರ ಎಣಿಸಿತ್ತು, ಅದನ್ನೂ ಒಮ್ಮೆ ನೋಡಿ.

ಹಂತ 10: ಬಣ್ಣದ ಪೆನ್ಸಿಲ್

ಒಂದು ಸರಳ ನಕ್ಷೆ ಬರೆದು, ಪ್ರತಿ ಗೋಡೆಗೂ ಕಾಲದ ಪ್ರಕಾರ ಬಣ್ಣ ಹಾಕಿ. ಹಳೆಯದಕ್ಕೆ ಗಾಢ, ಈಚಿನದಕ್ಕೆ ತಿಳಿ. ಖಚಿತವಾದದ್ದಕ್ಕೆ ತುಂಬು ಗೆರೆ, ಊಹೆಗೆ ಚುಕ್ಕಿ ಗೆರೆ. ಇದನ್ನು ಚರ್ಚ್‌ವಾರ್ಡನ್‌ಗೆ ತೋರಿಸಿ. ಅವರಿಗೆ ಗೊತ್ತಿರುವ ವಿಷಯ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಯಾವ ಮೂಲೆಯಲ್ಲಿ ನೀರು ಸೋರುತ್ತದೆ ಅನ್ನುವುದರಿಂದ ಹಿಡಿದು. ಸೋರುವ ಜಾಗ ಅನೇಕ ಸಲ ಹೊಲಿಗೆಯ ಜಾಗವೇ. ಗೋಪುರ ಹತ್ತಲು, ಹಿತ್ತಾಳೆ ಫಲಕದ ಅಚ್ಚು ತೆಗೆಯಲು ಅವರ ಅನುಮತಿ ಕೇಳಿಯೇ ಮುಂದುವರಿಯಿರಿ.

ಆಮೇಲೆ ಚಳಿಗಾಲದ ಒಂದು ಸಂಜೆ ಮತ್ತೆ ಹೋಗಿ, ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿಗೆ. ಒಳಗಾದರೆ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಬೆಳಕು ಬಿಡಿ. ಮಧ್ಯಾಹ್ನ ಚಪ್ಪಟೆಯಾಗಿ ಕಂಡ ಗಿಲಾವಿನ ಕೆಳಗೆ ಮುಚ್ಚಿದ ಬಾಗಿಲಿನ ಅಂಚು ಉಬ್ಬಿ ಕಾಣುತ್ತದೆ, ನಕ್ಷೆಯಲ್ಲಿ ಎರಡು ಬಣ್ಣ ಅಳಿಸಿ ಮತ್ತೆ ಹಾಕಬೇಕಾಗುತ್ತದೆ. ರಬ್ಬರ್ ಮರೆಯಬೇಡಿ.